ಬಕೆಟ್ ಮೀಮಾಂಸೆ

‘ಹೀ ಕಿಕ್ಡ್ ದ ಬಕೆಟ್’ ಎಂಬುದಕ್ಕೆ ‘ಅವನು ಬಕೆಟ್ ಒದ್ದನು’ ಎಂದು ಬರೆದ ವಿದ್ಯಾರ್ಥಿಗೆ ಸೊನ್ನೆ ಸುತ್ತುವುದು ಶಾಸ್ತ್ರಸಮ್ಮತವೇ? ‘ಸತ್ತನು’ ಎಂಬುದೊಂದೇ ಸರಿಯುತ್ತರ ಎಂದು ಪೂರ್ವಪಕ್ಷಿಗಳಾದ ಇಂಗ್ಲಿಷ್ ಮೇಷ್ಟರುಗಳ ವಾದ.

ಅಲಂಕಾರಶಾಸ್ತ್ರಜ್ಞ ಮಮ್ಮಟನ ಪ್ರಕಾರ ಲಕ್ಷಣೆ, ಎಂದರೆ ಮಾತಿಗೆ ನೇರವಲ್ಲದ ಅರ್ಥ, ಹುಟ್ಟಬೇಕಾದರೆ ಮೊದಲು ಮುಖ್ಯಾರ್ಥಕ್ಕೆ ಬಾಧೆ ಬರಬೇಕು. ‘ಗಂಗೆಯಲ್ಲಿ ಗೊಲ್ಲರಹಟ್ಟಿ’ ಎಂದರೆ ನೀರಿನ ಮೇಲೆ ಹಟ್ಟಿ ನಿಲ್ಲದು, ಆದ್ದರಿಂದ ದಡವೆಂದು ತಿಳಿಯುತ್ತೇವೆ. ಬಕೆಟ್ ಒದೆಯುವುದಕ್ಕೆ ಏನು ಬಾಧೆ? ಕರೆಂಟು ಹೋದಾಗ ಬಚ್ಚಲಲ್ಲಿ ಎಲ್ಲರೂ ಒದೆಯುತ್ತಾರೆ. ಬಾಧೆಯೇನಿದ್ದರೂ ಹೆಬ್ಬೆರಳಿಗೆ. ಇನ್ನು, ಮುಖ್ಯಾರ್ಥಕ್ಕೂ ಲಕ್ಷ್ಯಾರ್ಥಕ್ಕೂ ನಂಟಿರಬೇಕು. 1785ರಲ್ಲೇ ಫ್ರಾನ್ಸಿಸ್ ಗ್ರೋಸ್ ತನ್ನ ಬೀದಿಮಾತಿನ ನಿಘಂಟಿಗೆ ಈ ನುಡಿಗಟ್ಟನ್ನು ಸೇರಿಸಿದ. ಆದರೆ ಒದ್ದದ್ದು ಯಾವ ಬಕೆಟ್ಟನ್ನು ಎಂಬಲ್ಲಿ ಇಂಗ್ಲಿಷರಲ್ಲೇ ಪಂಥಭೇದವಿದೆ. ಕೊರಳಿಗೆ ಹಗ್ಗ ಬಿದ್ದವನು ಮೇಲೆ ನಿಂತಿದ್ದ ಬಕೆಟ್ ಎಂದು ಕೆಲವರು. ಕೊಯ್ದ ಹಂದಿಯನ್ನು ತೂಗುಹಾಕುವ ತೊಲೆಗೆ ಆ ಹೆಸರಿತ್ತು ಎಂದು ಉಳಿದವರು. ಎರಡನೆಯದು ನಿಜವಾದರೆ ಅಲ್ಲಿ ಬಕೆಟ್ಟೇ ಇಲ್ಲ! ಕೊನೆಗೆ ಮೇಷ್ಟರು ‘ಅದು ರೂಢಿ’ ಎನ್ನುತ್ತಾರೆ. ರೂಢಿಯೆಂದರೆ ‘ಸುಮ್ಮನೆ ಕೂತ್ಕೊ’ ಎಂಬುದರ ಶಾಸ್ತ್ರೀಯ ರೂಪ.

ವಚನವಿಚಾರ ಇನ್ನೂ ಗಹನವಾದದ್ದು. ಒಬ್ಬ ಸತ್ತರೂ ಒಂದೇ ಬಕೆಟ್, ಊರಿಗೆ ಊರೇ ಸತ್ತರೂ ಒಂದೇ. ಕರ್ಮಣಿಯಲ್ಲಿ ‘ಬಕೆಟ್ಟು ಅವನಿಂದ ಒದೆಯಲ್ಪಟ್ಟಿತು’ ಎಂದರೆ ಸತ್ತವನು ಎದ್ದು ಕೂರುತ್ತಾನೆ. ಇಷ್ಟು ಅಗ್ಗದ ಸಂಜೀವಿನಿ ಆಯುರ್ವೇದದಲ್ಲೂ ಇಲ್ಲ.

ನಮ್ಮ ವಿದ್ಯಾರ್ಥಿಯಂತೆಯೇ ನುಡಿಗಟ್ಟನ್ನು ಪದಶಃ ಅನುವಾದಿಸಿದ ಪೆದ್ರೊ ಕರೋಲಿನೊ ಎಂಬ ಮಹಾನುಭಾವ 1855ರಲ್ಲಿ ಪೋರ್ಚುಗೀಸರಿಗೆ ಇಂಗ್ಲಿಷ್ ಕಲಿಸಲು ಪುಸ್ತಕ ಬರೆದು, ಜಡಿಮಳೆಗೆ ‘ಜಾಡಿಗಳಲ್ಲಿ ಸುರಿಯುತ್ತಿದೆ’ ಎಂದ. ಇಂಗ್ಲಿಷರು ಬಿದ್ದು ಬಿದ್ದು ನಕ್ಕರು. ಮಾರ್ಕ್ ಟ್ವೇನ್ 1883ರಲ್ಲಿ ಮುನ್ನುಡಿಯನ್ನೇ ಬರೆದ. ಆಕಾಶದಿಂದ ಬೆಕ್ಕುನಾಯಿಗಳನ್ನು ಸುರಿಸುವವರಿಗೆ ಜಾಡಿ ನಗೆಪಾಟಲು! ಕುಂಭದ್ರೋಣ ಮಳೆ ಕಂಡ ನಮಗೆ ಕರೋಲಿನೊ ಸ್ವಗೋತ್ರದವನು.

ಕನ್ನಡಕ್ಕೆ ತರುವಾಗ ಬೇರೆಯೇ ತೊಡಕು. ನಮ್ಮಲ್ಲಿ ಸಾಯುವವನು ಗೊಟಕ್ ಎನ್ನುತ್ತಾನೆ, ಇಲ್ಲವೇ ನೆಗೆದುಬೀಳುತ್ತಾನೆ, ಉಪಕರಣ ಬೇಕಿಲ್ಲ. ಬಕೆಟ್ಟನ್ನು ಹಿಡಿಯುವುದಕ್ಕೆಂದೇ ಮೀಸಲಿಟ್ಟಿದ್ದೇವೆ. ಸಾಹೇಬರ ಮುಂದೆ ಹಿಡಿದವನಿಗೆ ಬಡ್ತಿ, ಹಿಡಿಯದವನಿಗೆ ವರ್ಗ. ಹೀಗಿರುವಾಗ ‘ಸಾಹೇಬರು ಬಕೆಟ್ ಒದ್ದರು’ ಎಂಬ ಸುದ್ದಿ ಕೇಳಿದ ಗುಮಾಸ್ತ, ‘ಅಬ್ಬ, ಹೊಗಳುಭಟ್ಟರನ್ನು ಕೊನೆಗೂ ದೂರವಿಟ್ಟರು’ ಎಂದು ಅರ್ಥೈಸುವುದೇ ಯುಕ್ತ. ಆ ಸಂತೋಷಕ್ಕೆ ಹಾರ ಹಿಡಿದು ಅವರ ಮನೆಗೆ ಹೋದನೆನ್ನಿ, ಹಾರವಂತೂ ವ್ಯರ್ಥವಾಗುವುದಿಲ್ಲ.