ಬಾಕಿಶಾಸ್ತ್ರ ಪ್ರವೇಶಿಕೆ

ಮಂಗಳಾಚರಣೆ: ಎಲ್ಲ ಶಾಸ್ತ್ರಕಾರರೂ ವಿಘ್ನ ನಿವಾರಿಸೆಂದು ವಿನಾಯಕನನ್ನು ಬೇಡುತ್ತಾರೆ. ನಮ್ಮ ಶಾಸ್ತ್ರದಲ್ಲಿ ಮಾತ್ರ, ವಸೂಲಿಗೆ ಹೊರಟವನ ದಾರಿಯಲ್ಲಿ ಒಂದೆರಡು ವಿಘ್ನ ಹಾಗೇ ಇರಲಿ ಎಂದು ಬೇಡಿಕೊಳ್ಳುವುದು ಸಂಪ್ರದಾಯ.

ಪರಂಪರೆ: ಸಾಲ ಮಾಡಿಯಾದರೂ ತುಪ್ಪದ ಸುಖ ಬಿಡಬೇಡಿ ಎಂಬುದು ಚಾರ್ವಾಕರ ಹೆಸರಿನಲ್ಲಿರುವ ಉಪದೇಶ. 14ನೇ ಶತಮಾನದ ‘ಸರ್ವದರ್ಶನ ಸಂಗ್ರಹ’ದಲ್ಲಿ ಅದು ಸಿಗುತ್ತದೆ. ಆದರೆ ಆ ತುಪ್ಪವನ್ನು ಉದ್ರಿ ಕೊಟ್ಟವನು ತಿಂಗಳ ಕೊನೆಗೆ ಬಾಗಿಲು ಬಡಿದಾಗ ಏನು ಹೇಳಬೇಕು? ದಾರ್ಶನಿಕರು ಇಲ್ಲಿ ಮೌನ. ಆ ಕೊರತೆ ತುಂಬಲೆಂದೇ ಮುಂದಿನ ನಾಲ್ಕು ಪಂಥಗಳು ಹುಟ್ಟಿದವು.

ಅದೃಶ್ಯವಾದ: ಶೆಟ್ಟರ ಅಂಗಡಿ ಬೀದಿಯ ಮೂಲೆಯಲ್ಲಿದ್ದರೆ ಈ ಪಂಥದವರು ಹಿಂದಿನ ನಾಲ್ಕು ಬೀದಿ ಸುತ್ತಿ ಮನೆ ಸೇರುತ್ತಾರೆ. ಸಕ್ಕರೆ ಕಾಯಿಲೆಗೆ ವೈದ್ಯರು ಹೇಳಿದ ನಡಿಗೆ ಹೀಗೆ ಪುಕ್ಕಟೆ ಸಂದಾಯ.

ಪಂಚಾಂಗವಾದ: ಆಷಾಢದಲ್ಲಿ ಕೊಟ್ಟರೆ ಶುಭವಲ್ಲ, ಶ್ರಾವಣದಲ್ಲಿ ಹಬ್ಬದ ಖರ್ಚು, ಪಿತೃಪಕ್ಷದಲ್ಲಿ ಮಾತೇ ಬೇಡ. ಮಂಗಳವಾರ, ಶುಕ್ರವಾರ ಲಕ್ಷ್ಮಿ ಹೊಸ್ತಿಲು ದಾಟಬಾರದು. ಉಳಿದ ದಿನಗಳಲ್ಲಿ ರಾಹುಕಾಲ, ಯಮಗಂಡ, ಗುಳಿಕ ತಲಾ ಒಂದೂವರೆ ಗಂಟೆ. ಹಗಲಿನ ನಾಲ್ಕೂವರೆ ಗಂಟೆ ಅಲ್ಲಿಗೇ ಖೋತಾ. ಮಿಕ್ಕ ಹೊತ್ತಿನಲ್ಲಿ ಬ್ಯಾಂಕಿಗೆ ರಜೆ. ಉದ್ರಿ ತರಲು ಮಾತ್ರ ಸರ್ವಕಾಲವೂ ಸುಮುಹೂರ್ತ.

ಯಂತ್ರವಾದ: ‘ಚಿಲ್ಲರೆ ಇಲ್ಲ’ ಎಂಬುದು ಈ ಪಂಥದ ಮೂಲಮಂತ್ರವಾಗಿತ್ತು. 2016ರಲ್ಲಿ ಯುಪಿಐ ಬಂದು ಅದರ ಬುಡ ಅಲುಗಾಡಿತು. ಆಚಾರ್ಯರು ಧೃತಿಗೆಡಲಿಲ್ಲ. ‘ಸರ್ವರ್ ಡೌನ್’ ಎಂಬ ನವೀನ ಭಾಷ್ಯ ಕೂಡಲೇ ಸಿದ್ಧವಾಯಿತು. ಅಂಗಡಿಯ ಪೆಟ್ಟಿಗೆ ಹಣ ಬಂತೆಂದು ಕೂಗದಿದ್ದರೆ ಅದು ಪೆಟ್ಟಿಗೆಯ ದೋಷ, ಗಿರಾಕಿಯದಲ್ಲ.

ನ್ಯಾಯವಾದ: ಇದು ಪಂಡಿತರಿಗೆ ಮಾತ್ರ. 1963ರ ಕಾಲಮಿತಿ ಕಾಯ್ದೆಯಂತೆ ಉದ್ರಿ ಮಾಲಿನ ಹಣಕ್ಕೆ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹೂಡಬೇಕು. ಅಷ್ಟರಲ್ಲಿ ಬಾಕಿ ಇದೆಯೆಂದು ಬರೆದು ಸಹಿ ಹಾಕಿಬಿಟ್ಟರೆ ಲೆಕ್ಕ ಮತ್ತೆ ಮೊದಲಿನಿಂದ. ಆದಕಾರಣ ಇವರು ಬಾಯಲ್ಲಿ ಎಷ್ಟು ಸಲ ಬೇಕಾದರೂ ಒಪ್ಪುತ್ತಾರೆ. ಪೆನ್ನು ಕಂಡರೆ ಕೈನೋವು. ಬೌನ್ಸ್ ಆದ ಚೆಕ್ಕಿಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಲ್ಲಿ 2 ವರ್ಷದವರೆಗೆ ಜೈಲು ಇರುವುದರಿಂದ ಚೆಕ್ ಬರೆಯುವುದು ಇಲ್ಲಿ ಮಹಾಪಾತಕ.

ಪೂರ್ವಪಕ್ಷ: ಪಾಪ, ಕೈಯಲ್ಲಿ ಹಣವಿಲ್ಲದೆ ಹೀಗೆ ಮಾಡುತ್ತಾರಲ್ಲವೇ?

ಉತ್ತರಪಕ್ಷ: ಅಲ್ಲ. ನಿಜಕ್ಕೂ ಕೈ ಬರಿದಾದವನು ಅಂಗಡಿಗೇ ಬಂದು, ‘ಅಣ್ಣಾ, ಈ ವಾರ ಆಗಲ್ಲ’ ಎಂದು ಹೇಳಿ ಹೋಗುತ್ತಾನೆ. ಅವನಿಗೆ ಶಾಸ್ತ್ರ ಬೇಕಿಲ್ಲ. ನಮ್ಮ ಪಂಡಿತರನ್ನು ನೋಡಿ: 2003ರ ವಿದ್ಯುತ್ ಕಾಯ್ದೆಯ 56ನೇ ಕಲಮು 15 ದಿನದ ನೋಟಿಸು ಕೊಟ್ಟು ಸಂಪರ್ಕ ಕಡಿಯಲು ಬಿಡುತ್ತದೆ. ಲೈನ್‌ಮನ್ ಕಂಬದ ಬುಡಕ್ಕೆ ಬಂದೊಡನೆ ಆಷಾಢವೂ ಶುಭ, ಸರ್ವರೂ ಸರಿ, ಹಣವೂ ಹಾಜರ್. ಹಾಲು ಹಾಕುವವನಿಗೆ ಅಂಥ ಕಲಮಿಲ್ಲ. ಅವನು ಮರುದಿನವೂ ಹಾಲು ಹಾಕಿ, ತಲೆ ಕೆರೆದುಕೊಂಡು, ‘ಸ್ವಲ್ಪ ನೋಡಿ ಸಾರ್’ ಎನ್ನುತ್ತಾನೆ. ಅವನ ಬಾಕಿ ಮೂರನೇ ತಿಂಗಳಿಗೆ ಕಾಲಿಡುತ್ತದೆ.

ಸಿದ್ಧಾಂತ: ಕೇಳುವವನ ದಾಕ್ಷಿಣ್ಯ ಎಷ್ಟೋ, ಬಾಕಿಯ ಆಯುಸ್ಸು ಅಷ್ಟು.

ಫಲಶ್ರುತಿ: ಇದನ್ನು ಓದಿ ಮುಗಿಸಿದವರು ಮೊದಲು ಹಾಲಿನವನ ಲೆಕ್ಕ ಚುಕ್ತಾ ಮಾಡಿ. ಕರೆಂಟಿನವರು ತಮ್ಮದನ್ನು ತಾವೇ ವಸೂಲು ಮಾಡಿಕೊಳ್ಳುತ್ತಾರೆ.