ಹುಣಸೆಹಣ್ಣು ಒಳಗೆ ತರಬಾರದು

ಹದಿನಾರು ಎಂಬ ಊರಿನವರಿಗೆ ಹಳೆಯದರ ಬೆಲೆ ಹೇಳಿಕೊಡಬೇಕಿಲ್ಲ. 1399ರಲ್ಲಿ ಮೈಸೂರು ಅರಸು ಮನೆತನದ ಮೂಲಪುರುಷ ಯದುರಾಯ ಬಂದು ಕಾರುಗಳ್ಳಿಯ ಮಾರನಾಯಕನನ್ನು ಮುಗಿಸಿದ ಕಥೆಯನ್ನು ಮೊನ್ನೆ ನಡೆದ ಜಗಳದಂತೆ ಹೇಳುತ್ತಾರೆ. ಆದರೆ ‘ಕ್ಯೂರೇಟರ್’, ಅಂದರೆ ವಸ್ತುಸಂಗ್ರಹಾಲಯ ನೋಡಿಕೊಳ್ಳುವವರು, ಎಂದು ಹೇಳಿ ನೋಡಿ, “ಕಲ್ಲು ಕಾಯೋಕೂ ಸಂಬಳವಾ ಕೂಸು?” ಎನ್ನುವ ಅಜ್ಜಿ ಸಿಕ್ಕೇ ಸಿಗುತ್ತಾರೆ.

ಅಂಥವರನ್ನು ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಗೆ ಕರೆದೊಯ್ಯಬೇಕು. ಅಲ್ಲಿನ ಜಾನಪದ ವಸ್ತುಸಂಗ್ರಹಾಲಯ 1968ರದು, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯಂಥವರು ಹಳ್ಳಿಹಳ್ಳಿ ಸುತ್ತಿ ಕೂಡಿಸಿದ್ದು. ಸೋಮನ ಕುಣಿತದ ಸೋಮ, ತೊಗಲುಗೊಂಬೆ ಎಲ್ಲ ಇವೆ. ಅಜ್ಜಿಯ ಕಣ್ಣು ಮಾತ್ರ ಹಿತ್ತಾಳೆಯ ಮೇಲೆ. “ಅಯ್ಯೋ, ಕರ್ರಗಾಗೈತಲ್ಲ! ಒಸಿ ಹುಣಸೆಹಣ್ಣು, ಬೂದಿ ಕೊಡು.” ಕ್ಯೂರೇಟರ ಎದೆ ಧಸಕ್ಕೆನ್ನುತ್ತದೆ. ಹುಳಿ ಲೋಹವನ್ನು ತಿನ್ನುತ್ತದೆ, ಬೂದಿ ಕೆತ್ತನೆಯನ್ನು ಸವೆಸುತ್ತದೆ. ಅಜ್ಜಿಗೆ ಕೊಳೆ ಅನಿಸಿದ್ದು ಕ್ಯೂರೇಟರಿಗೆ ವಸ್ತುವಿನ ಜನ್ಮಪತ್ರ.

ದೇವರದ್ದೂ ಅದೇ ಪಾಡು. ನಂಜನಗೂಡಿನ ಗುಡಿಯಲ್ಲಿದ್ದರೆ ಅಭಿಷೇಕ, ಜಾತ್ರೆಗೆ ತೇರು. ಗಾಜಿನೊಳಗೆ ಸೇರಿದರೆ ಹಾಲೂ ಇಲ್ಲ, ತುಪ್ಪವೂ ಇಲ್ಲ. ಒಂದು ನಂಬರು, ಪಕ್ಕದಲ್ಲಿ ತೇವ ಅಳೆಯುವ ಯಂತ್ರ. ಮಡಿಯಲ್ಲಂತೂ ಕ್ಯೂರೇಟರು ಅರ್ಚಕರನ್ನೂ ಮೀರಿಸುತ್ತಾರೆ, ಕೈಗವಸಿಲ್ಲದೆ ಮುಟ್ಟುವುದಿಲ್ಲ. ಮಂಗಳಾರತಿ ತಟ್ಟೆಯೊಂದು ಇಲ್ಲ, ಅಷ್ಟೆ.