ಕೋರಂ ಬೇಡದ ಸಾರ್ವಜನಿಕರು

ಮಮದಾಪುರದಲ್ಲಿ ಗ್ರಾಮ ಸಭೆ ನಡೆಯಬೇಕಾದರೆ ಕೋರಂ ಬೇಕು. ಹಾಲಿನ ಸಂಘದ ವಾರ್ಷಿಕ ಸಭೆಗೂ ಬೇಕು. ಆದರೆ ಊರ ಮಗ್ಗುಲಿಗೆ ದೊಡ್ಡ ಸಕ್ಕರೆ ಕಾರ್ಖಾನೆ ಬರುವುದಿದ್ದರೆ, ಅದಕ್ಕಾಗಿ ಕರೆಯುವ ಪರಿಸರ ಅಹವಾಲು ಸಭೆಗೆ ಬೇಡ. 2006ರ ಪರಿಸರ ಪರಿಣಾಮ ಅಧಿಸೂಚನೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಜಿಲ್ಲಾಧಿಕಾರಿ ಬಂದರು, ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದರು, ವಿಡಿಯೊದವನೂ ಬಂದ. ಇನ್ನು ಸಾರ್ವಜನಿಕರು ಬಾರದಿದ್ದರೂ ಸಾರ್ವಜನಿಕ ಸಭೆ ಸಾಂಗವಾಗಿ ಮುಗಿಯುತ್ತದೆ. ಮದುಮಗನಿಲ್ಲದೆ ಅಕ್ಷತೆ ಬೀಳುವುದು ಇದೊಂದೇ ಲಗ್ನದಲ್ಲಿ.

ಪತ್ರಿಕೆ ಮುಟ್ಟದ ಊರಲ್ಲಿ ಡಂಗುರ ಸಾರಿಸಬೇಕು ಎಂದೂ ಅದರಲ್ಲಿದೆ. ಡಂಗುರದವ ಏನಂತ ಕೂಗಬೇಕೋ! ಕಾರ್ಖಾನೆಯ ಪರಿಸರ ಪರಿಣಾಮದ ಪೂರ್ತಿ ವರದಿ ಇಂಗ್ಲಿಷಿನಲ್ಲಿ, ಕನ್ನಡದ ಪಾಲಿಗೆ ಸಾರಾಂಶ. ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ನಮ್ಮ ಕೆರಿ ನೀರಿಗೆ ಏನಾಗ್ತೈತಿ, ಅದಷ್ಟ ಹೇಳ್ರಿ ಸಾಹೇಬ್ರ" ಅಂದರೆ, "ನಿಮ್ಮ ಅಭಿಪ್ರಾಯ ಬರ್ಕೊಂಡೇವ್ರಿ ಯಜಮಾನ್ರ" ಎಂಬ ಉತ್ತರ ತಯಾರಿರುತ್ತದೆ. ಕೇಳಿದ್ದು ಪ್ರಶ್ನೆ, ದಾಖಲಾದದ್ದು ಅಭಿಪ್ರಾಯ. ಆ ಕೆರೆ ಕಟ್ಟಿಸಿದ ಆದಿಲ್‌ಶಾಹಿಗಳು ಯಾರನ್ನೂ ಕೇಳಿರಲಿಕ್ಕಿಲ್ಲ, ನಿಜ. ಆದರೆ ಎಲ್ಲರನ್ನೂ ಕೇಳಿದೆವು ಎಂದು ನಡಾವಳಿಯನ್ನಂತೂ ಬರೆಸಿಡಲಿಲ್ಲ.

2020ರಲ್ಲಿ ಈ ನಿಯಮಗಳನ್ನೇ ಬದಲಿಸುವ ಕರಡು ಬಂತು. ಕರಡಿನ ತಾರೀಖು ಮಾರ್ಚ್ 23. ಮಾರ್ಚ್ 25ರಿಂದ ದೇಶಕ್ಕೇ ಬೀಗ. ಹೊರಗೆ ಬಂದವರಿಗೆ ಲಾಠಿ, ಒಳಗೆ ಕುಂತವರಿಂದ ಆಕ್ಷೇಪಣೆಗೆ ಆಹ್ವಾನ, ಅದೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ! ಅಹವಾಲು ಸಭೆಗೆ ಮುಂಚೆ ಜನರಿಗಿದ್ದ 30 ದಿನಗಳ ಗಡುವನ್ನು 20ಕ್ಕೆ ಇಳಿಸುವ ಪ್ರಸ್ತಾಪವೂ ಅದರೊಳಗಿತ್ತು. ಇನ್ನು ಮೇಲೆ ನಿಮ್ಮನ್ನು ಕಡಿಮೆ ಕೇಳುತ್ತೇವೆ, ಏನಂತೀರಿ ಎಂದು ಜನರನ್ನೇ ಕೇಳುವ ಸೌಜನ್ಯ ಇದು. ಜೂನ್ 30ರಂದು ದೆಹಲಿ ಹೈಕೋರ್ಟು, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲೂ ಕರಡು ಹೊರಡಿಸಿ ಎಂದಿತು. ಕೇಂದ್ರ ಸರ್ಕಾರ ಅನುವಾದಕರನ್ನು ಹುಡುಕುವುದು ಬಿಟ್ಟು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟು ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು.

ಅಷ್ಟರಲ್ಲಿ ಜನರ ಆಕ್ಷೇಪಣೆ ಲಕ್ಷಗಟ್ಟಲೆ ಬಂದು ಬಿದ್ದಿದ್ದವು. ಕರೆದರೆ ಇವರು ಬಂದೇಬಿಡುತ್ತಾರೆ ಎಂದು ಸಚಿವಾಲಯಕ್ಕೆ ಆಗ ಗೊತ್ತಾಗಿರಬೇಕು. ಪರವಾನಗಿ ಇಲ್ಲದೆ ಕೆಲಸ ಶುರು ಮಾಡಿದವರು ಆಮೇಲೆ ಸರಿಮಾಡಿಕೊಳ್ಳಬಹುದು ಎಂಬುದು ಆ ಕರಡಿನಲ್ಲಿ ಜನ ಬೇಡವೆಂದ ಮುಖ್ಯ ಮಾತು. ಅಂಥದ್ದೇ ದಾರಿ 2021ರ ಜುಲೈ 7ರಂದು ಆಫೀಸ್ ಮೆಮೊರಾಂಡಂ ಆಗಿ ಹೊರಬಂತು. ಅದಕ್ಕೆ ಕರಡೂ ಇರಲಿಲ್ಲ, ಆಕ್ಷೇಪಣೆಗೆ ಒಂದು ದಿನದ ಅವಧಿಯೂ ಇರಲಿಲ್ಲ.